ಎರಡು ಶಾಟ್‌ಗಳ ನಡುವೆ ಏನಾಯಿತು? ಕಟ್, ಡಿಸಾಲ್ವ್, ಎಫೆಕ್ಟ್‌ಗಳನ್ನು ಅರಿತು ಬಳಸುವ ಬಗೆ

ಎರಡು ಶಾಟ್ ಇದೆ ಅಂದುಕೊಳ್ಳಿ. ಮೊದಲನೆಯದರಲ್ಲಿ ಒಬ್ಬ ಅಜ್ಜ ಪಿಕ್ಕಾಸು ಹೆಗಲಿಗೇರಿಸಿ ಗುಡ್ಡದ ಬುಡದಲ್ಲಿರುವ ಸುರಂಗದೊಳಗೆ ಹೋಗುತ್ತಾರೆ. ಎರಡನೆಯದರಲ್ಲಿ ಅಜ್ಜಿ ಅಂಗಳದ ಕೊನೆಯಲ್ಲಿ ನಿಂತು ಗುಡ್ಡದ ಕಡೆ ನೋಡುತ್ತಾರೆ.

ಇವೆರಡನ್ನು ನಡುವೆ ಏನೂ ಹಾಕದೆ ನೇರ ಕಟ್‌ನಿಂದ ಜೋಡಿಸಿ. ಅಜ್ಜ ಒಳಗಿದ್ದಾರೆ, ಅಜ್ಜಿ ಹೊರಗೆ ಕಾಯುತ್ತಿದ್ದಾರೆ. ಊಟದ ಹೊತ್ತಾಗಿರಬೇಕು. ಈಗ ನಡುವೆ 2 ಸೆಕೆಂಡಿನ ಡಿಸಾಲ್ವ್ ಹಾಕಿ, ಅಂದರೆ ಮೊದಲ ಚಿತ್ರ ಕರಗುತ್ತಾ ಎರಡನೆಯದು ಮೂಡಲಿ. ಅಜ್ಜಿ ಕಾಯುತ್ತಿರುವ ಹಾಗೆ ಕಾಣುವುದಿಲ್ಲ, ನೆನಪು ಮಾಡಿಕೊಳ್ಳುತ್ತಿರುವ ಹಾಗೆ ಕಾಣುತ್ತದೆ. ವರ್ಷಗಳು ಕಳೆದಿವೆ. ಡಿಸಾಲ್ವ್ ತೆಗೆಯಿರಿ. ಮೊದಲ ಶಾಟನ್ನು ನಿಧಾನಕ್ಕೆ ಕಪ್ಪಾಗಿಸಿ, 3 ಸೆಕೆಂಡು ಕಪ್ಪಾಗಿಯೇ ಬಿಟ್ಟು, ಆಮೇಲೆ ಅಜ್ಜಿಯನ್ನು ತೋರಿಸಿ. ಅಜ್ಜ ಆ ಸುರಂಗದಿಂದ ಹೊರಗೆ ಬರಲೇ ಇಲ್ಲ.

ಚಿತ್ರ ಅದೇ, ಮುಖ ಅದೇ. ಜೋಡಣೆ ಬದಲಾದ ಕೂಡಲೇ ಕಥೆ ಮೂರಾಯಿತು.

ಕಾಸರಗೋಡಿನ ಕಡೆ ಈಗ ಊರೂರಲ್ಲಿ ಫೋನಿನಲ್ಲೇ ಸಿನಿಮಾ ಮಾಡುವ ಮಕ್ಕಳಿದ್ದಾರೆ. ಆಟ (ಯಕ್ಷಗಾನ), ಕೋಲ (ಭೂತಾರಾಧನೆ), ಮದುವೆ, ಶಾಲೆಯ ವಾರ್ಷಿಕೋತ್ಸವ ಎಲ್ಲವನ್ನೂ ಶೂಟ್ ಮಾಡುತ್ತಾರೆ. ಕಿರುಚಿತ್ರವನ್ನೂ ಮಾಡುತ್ತಾರೆ. ಮದುವೆ ವಿಡಿಯೋ, ಆಟದ ವಿಡಿಯೋ ಎಡಿಟ್ ಮಾಡುತ್ತಾ ಬಂದ ನನ್ನ ಹತ್ತಿರ ಅವರು ಕೇಳುವುದು ಹೆಚ್ಚಾಗಿ ಒಂದೇ: "ಅಣ್ಣಾ, ಈ ಟ್ರಾನ್ಸಿಷನ್ ಯಾವ ಆ್ಯಪಲ್ಲಿ ಸಿಗ್ತದೆ?" ಟ್ರಾನ್ಸಿಷನ್ ಅಂದರೆ ಒಂದು ಶಾಟಿನಿಂದ ಇನ್ನೊಂದಕ್ಕೆ ದಾಟಿಸುವ ಜೋಡಣೆ. ಎಲ್ಲ ಆ್ಯಪಲ್ಲೂ ಸಿಗುತ್ತದೆ, ರಾಶಿಗಟ್ಟಲೆ ಸಿಗುತ್ತದೆ. ನಾನು ಅವರಿಗೆ ತಿರುಗಿ ಕೇಳುವುದು ಇಷ್ಟು: ಈ ಎರಡು ಶಾಟ್‌ಗಳ ನಡುವೆ ಏನಾಯಿತು? ಅದಕ್ಕೆ ಉತ್ತರ ಗೊತ್ತಿದ್ದರೆ ಯಾವ ಜೋಡಣೆ ಬೇಕೆಂಬುದು ಮುಕ್ಕಾಲು ಪಾಲು ತೀರ್ಮಾನವಾದಂತೆಯೇ.

ನಮ್ಮ ಕಡೆಯವರಿಗೆ ಈ ಪ್ರಶ್ನೆ ಹೊಸತಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಆಟ ನೋಡಿ ಬೆಳೆದವರಿಗೆ ವೇಷಧಾರಿ ಪ್ರಯಾಣ ಕುಣಿತ ಹಾಕಿ ರಂಗಕ್ಕೆ ಎರಡು ಸುತ್ತು ಬಂದರೆ ಸಾಕು, ದ್ವಾರಕೆಯಿಂದ ಹಸ್ತಿನಾವತಿ ತಲುಪಿದ್ದು ಗೊತ್ತಾಗುತ್ತದೆ. ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಜಾಗದಿಂದ ಇನ್ನೊಂದಕ್ಕೆ ದಾಟಿಸುವ ಕೆಲಸವನ್ನು ಕುಣಿತ ಮಾಡುತ್ತದೆ. ಸಿನಿಮಾದಲ್ಲಿ ಆ ಕೆಲಸ ಜೋಡಣೆಯದು.

ಮೊದಲು ಎಂಟು ಶಾಟ್ ತೆಗೆಯಿರಿ

ಓದಿದರೆ ಸಾಲದು, ಕೈಯಲ್ಲಿ ಕ್ಲಿಪ್ ಇರಬೇಕು. ಬಾಯಾರು, ಪಡ್ರೆ ಕಡೆ ಸುರಂಗ ಇರುವ ತೋಟಗಳು ತುಂಬಾ ಇವೆ. ಕೆಂಪುಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು, ಒಸರುವ ನೀರನ್ನು ಪಂಪ್ ಇಲ್ಲದೆ ಹೊರಗೆ ಹರಿಸಿಕೊಳ್ಳುವ ವ್ಯವಸ್ಥೆ ಅದು. ನಿಮ್ಮ ಹತ್ತಿರ ಸುರಂಗ ಇಲ್ಲದಿದ್ದರೆ ಬಾವಿಯಾದರೂ ಸರಿ. ಈ ಎಂಟು ಬೇಕು:

1. ಸುರಂಗದ ಬಾಯಿ, ದೂರದಿಂದ.
2. ಅಜ್ಜ ಒಳಗೆ ಹೋಗುವುದು.
3. ಕಲ್ಲಿನಿಂದ ನೀರು ಹನಿಯುವುದು, ಹತ್ತಿರದಿಂದ.
4. ಪಿಕ್ಕಾಸು ಮಣ್ಣಿಗೆ ಬೀಳುವುದು.
5. ಅಜ್ಜಿ ಅಂಗಳದಲ್ಲಿ ನಿಂತು ನೋಡುವುದು, ಮುಖದಲ್ಲಿ ಯಾವ ಭಾವವೂ ಇಲ್ಲದೆ.
6. ಜಗಲಿಯಲ್ಲಿ ಖಾಲಿ ಕುರ್ಚಿ.
7. ಟಾಂಕಿಗೆ ನೀರು ಬೀಳುವುದು.
8. ಮೊಮ್ಮಗು ಲೋಟದಲ್ಲಿ ನೀರು ಕುಡಿಯುವುದು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹಳೆಯ ಸುರಂಗದೊಳಗೆ ಶೂಟ್ ಮಾಡಲು ಹೋಗಬೇಡಿ, ಅಜ್ಜನನ್ನೂ ಒಳಗೆ ಕಳಿಸಬೇಡಿ. ಮಣ್ಣು ಕುಸಿಯಬಹುದು, ಹಾವು ಇರಬಹುದು, ಉಸಿರಿಗೆ ಗಾಳಿ ಸಾಲದೆ ಹೋಗಬಹುದು. ಬಾಯಿಯ ಬಳಿ ಎರಡು ಹೆಜ್ಜೆ ನೆರಳಿಗೆ ಸರಿದರೂ ನೋಡುವವರಿಗೆ ಒಳಗೆ ಹೋದಂತೆ ಕಾಣುತ್ತದೆ. ಉಳಿದದ್ದನ್ನು ಕಟ್ ನೋಡಿಕೊಳ್ಳುತ್ತದೆ. ಹನಿ ನೀರಿನ ಶಾಟನ್ನು ಯಾವುದೇ ಒದ್ದೆ ಕೆಂಪುಕಲ್ಲಿನ ಗೋಡೆಯಲ್ಲಿ ತೆಗೆಯಬಹುದು.

ಪ್ರತಿ ಶಾಟನ್ನೂ ಕನಿಷ್ಠ 10 ಸೆಕೆಂಡು ಹಿಡಿಯಿರಿ. ಕೆಲಸ ಶುರುವಾಗುವ 3 ಸೆಕೆಂಡು ಮೊದಲೇ ರೆಕಾರ್ಡ್ ಒತ್ತಿ, ಮುಗಿದ ಮೇಲೂ 3 ಸೆಕೆಂಡು ಬಿಡಿ. ಡಿಸಾಲ್ವ್ ಅಂದರೆ ಹೋಗುವ ಚಿತ್ರದ ಬಾಲ ಮತ್ತು ಬರುವ ಚಿತ್ರದ ತಲೆ ಒಂದರ ಮೇಲೊಂದು ಕೂರುವುದು. ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ) ತೆಗೆಯುವ ಫೋನಿನಲ್ಲಿ 1 ಸೆಕೆಂಡಿನ ಡಿಸಾಲ್ವ್‌ಗೆ ಕಟ್‌ನ ಎರಡೂ ಬದಿಯಲ್ಲಿ 15 ಫ್ರೇಮ್ ಹೆಚ್ಚಿಗೆ ಬೇಕು. ಆ ಬಾಲ ಇಲ್ಲದಿದ್ದರೆ ಕೆಲವು ಸಾಫ್ಟ್‌ವೇರ್ ಕೊನೆಯ ಫ್ರೇಮನ್ನೇ ಎಳೆದು ನಿಲ್ಲಿಸುತ್ತವೆ, ಕೆಲವು ಡಿಸಾಲ್ವ್ ಹಾಕಲು ಬಿಡುವುದೇ ಇಲ್ಲ. ಎಡಿಟ್ ಮಾಡಲು ಫೋನಿನಲ್ಲಿ ಕೈನ್‌ಮಾಸ್ಟರ್, ವಿಎನ್, ಕಂಪ್ಯೂಟರ್ ಇದ್ದರೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ, ಯಾವುದಾದರೂ ನಡೆಯುತ್ತದೆ.

ಬರೇ ಕಟ್‌ನಲ್ಲಿ ಒಂದು ಸಲ ಪೂರ್ತಿ ಮಾಡಿ

ಮೊದಲ ಸಲ ಎಡಿಟ್ ಮಾಡುವಾಗ ಟ್ರಾನ್ಸಿಷನ್ ಮೆನು ಮುಟ್ಟಬೇಡಿ. ಎಂಟೂ ಶಾಟನ್ನು ನೇರ ಕಟ್‌ನಲ್ಲಿ ಜೋಡಿಸಿ. ಕಟ್ ಬಡವರ ಪಾಲಿನ ಟ್ರಾನ್ಸಿಷನ್ ಅಂತ ಕೆಲವು ಮಕ್ಕಳು ತಿಳಿದುಕೊಂಡಿದ್ದಾರೆ. ದೊಡ್ಡ ಸಿನಿಮಾ ಒಂದನ್ನು ಹತ್ತು ನಿಮಿಷ ಸದ್ದು ನಿಲ್ಲಿಸಿ ನೋಡಿ, ಎಣಿಸಿ. ಹೆಚ್ಚಿನ ಎಲ್ಲ ಜೋಡಣೆಯೂ ಕಟ್ ಆಗಿರುತ್ತದೆ.

ಕಟ್‌ಗೆ ಎಷ್ಟು ಬಲ ಇದೆ ಅಂತ ತಿಳಿಯಲು ನಮ್ಮ 5ನೇ ಶಾಟ್ ಸಾಕು. ಅಜ್ಜಿಯ ಭಾವವಿಲ್ಲದ ಮುಖ. ಅದರ ಪಕ್ಕ 8ನೇ ಶಾಟ್ ಇಡಿ, ಮಗು ನೀರು ಕುಡಿಯುವುದು. ಅಜ್ಜಿ ಸಮಾಧಾನದಲ್ಲಿರುವ ಹಾಗೆ ಕಾಣುತ್ತಾರೆ. ಅದೇ ಮುಖದ ಪಕ್ಕ ಖಾಲಿ ಕುರ್ಚಿ ಇಡಿ. ದುಃಖ. ಸುರಂಗದ ಬಾಯಿ ಇಡಿ. ಆತಂಕ. ಇದನ್ನು 1920ರ ಆಸುಪಾಸಿನಲ್ಲಿ ರಷ್ಯಾದ ಲೆವ್ ಕುಲೆಶೋವ್ ಮಾಡಿ ನೋಡಿದ್ದರು. ಮೊಸ್ಜುಖಿನ್ ಎಂಬ ನಟನ ಒಂದೇ ಮುಖದ ಜೊತೆ ಒಮ್ಮೆ ಸೂಪಿನ ತಟ್ಟೆ, ಒಮ್ಮೆ ಶವಪೆಟ್ಟಿಗೆಯಲ್ಲಿ ಮಲಗಿದ ಮಗು, ಒಮ್ಮೆ ಒಬ್ಬ ಹೆಂಗಸು. ನೋಡಿದವರು ನಟನ ಅಭಿನಯವನ್ನು ಹೊಗಳಿದರಂತೆ. ಅಭಿನಯ ನಡೆದದ್ದು ನೋಡುವವರ ಮನಸ್ಸಿನಲ್ಲಿ.

ನಿಮ್ಮ ಮನೆಯವರಿಗೇ ಈ ಮೂರು ಜೋಡಿಯನ್ನು ತೋರಿಸಿ ನೋಡಿ. ನಟನೆ ಬಾರದ ನೆಂಟರನ್ನು ಇಟ್ಟುಕೊಂಡು ಸಿನಿಮಾ ಮಾಡುವ ನಮಗೆ ಇದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ. "ಅಜ್ಜಿ, ಸ್ವಲ್ಪ ಬೇಜಾರು ಮಾಡಿಕೊಳ್ಳಿ" ಅಂತ ಹೇಳಿದರೆ ಮುಖ ಕೆಡುತ್ತದೆ. "ಆ ತೆಂಗಿನ ಮರದ ಕಡೆ ನೋಡಿ" ಅಂದರೆ ಸಾಕು.

ಎಲ್ಲಿ ಕಟ್ ಮಾಡಬೇಕು? ಚಲನೆಯ ನಡುವೆ. ಅಜ್ಜ ಬಗ್ಗಲು ಶುರು ಮಾಡಿದಾಗ ದೂರದ ಶಾಟ್ ಬಿಟ್ಟು, ಬಗ್ಗುವುದು ಮುಗಿಯುವುದನ್ನು ಹತ್ತಿರದ ಶಾಟ್‌ನಲ್ಲಿ ತೋರಿಸಿದರೆ ಕಟ್ ಕಣ್ಣಿಗೇ ಬೀಳುವುದಿಲ್ಲ. ಎಲ್ಲವನ್ನೂ ಹೀಗೆ ನುಣುಪಾಗಿಸಲು ಹೋಗಿ ಭಾವ ಕಳೆದುಕೊಳ್ಳಬೇಡಿ. ಹಾಲಿವುಡ್‌ನ ಹಿರಿಯ ಎಡಿಟರ್ ವಾಲ್ಟರ್ ಮರ್ಚ್ ಒಂದು ಒಳ್ಳೆಯ ಕಟ್‌ಗೆ ಬೇಕಾದ್ದನ್ನೆಲ್ಲ ಲೆಕ್ಕ ಹಾಕಿ, ನೂರರಲ್ಲಿ ಭಾವಕ್ಕೆ 51 ಪಾಲು ಕೊಟ್ಟಿದ್ದಾರೆ, ಕಥೆಗೆ 23. ಜಾಗದ ಲೆಕ್ಕಾಚಾರ ಸರಿಯಿದೆಯಾ ಅನ್ನುವುದಕ್ಕೆ ಕೊನೆಯ 4. ಅಜ್ಜನ ಕೈಯಲ್ಲಿ ಪಿಕ್ಕಾಸು ಬಲಕ್ಕಿತ್ತೋ ಎಡಕ್ಕಿತ್ತೋ ಎಂಬ ಚಿಂತೆಯಲ್ಲಿ ಮಕ್ಕಳು ಒಳ್ಳೆಯ ಮುಖದ ಶಾಟನ್ನು ಬಿಸಾಡುವುದನ್ನು ನೋಡಿದ್ದೇನೆ. ಮುಖ ಇಟ್ಟುಕೊಳ್ಳಿ.

ಒಂದು ಕಾಗದ ತೆಗೆದುಕೊಳ್ಳಿ

ಬರೇ ಕಟ್‌ನ ಪ್ರತಿ ಸಿದ್ಧವಾದ ಮೇಲೆ ಒಂದು ಕಾಗದದಲ್ಲಿ ಶಾಟ್‌ಗಳನ್ನು ಸಾಲಾಗಿ ಬರೆಯಿರಿ. ಪ್ರತಿ ಎರಡರ ನಡುವೆ ಒಂದು ಗೆರೆ ಬಿಟ್ಟು, ಅಲ್ಲಿ ಏನಾಯಿತು ಅಂತ ಬರೆಯಿರಿ. ಉತ್ತರ ಇಷ್ಟರಲ್ಲಿ ಒಂದು ಆಗಿರುತ್ತದೆ: ಅದೇ ಕ್ಷಣ. ಸ್ವಲ್ಪ ಹೊತ್ತು ಹೋಯಿತು. ತುಂಬಾ ಕಾಲ ಹೋಯಿತು. ಯಾರದೋ ನೆನಪಿಗೆ ಹೋದೆವು. ಒಂದು ಮುಗಿಯಿತು, ಇನ್ನೊಂದು ಶುರುವಾಯಿತು. ಇದು ಅದರ ಹಾಗೆಯೇ ಇದೆ.

"ಅದೇ ಕ್ಷಣ" ಅಂತ ಬರೆದಲ್ಲೆಲ್ಲ ಕಟ್ ಹಾಗೆಯೇ ಇರಲಿ. ಉಳಿದ ಜಾಗಗಳಲ್ಲೂ ಮೊದಲು ಕಟ್ ಸಾಕಾ ಅಂತ ನೋಡಿ. ಏನೂ ಬರೆಯಲಾಗದೆ ಖಾಲಿ ಉಳಿದ ಗೆರೆ ಇದ್ದರೆ ಅಲ್ಲಿ ಟ್ರಾನ್ಸಿಷನ್‌ನಿಂದ ಪ್ರಯೋಜನವಿಲ್ಲ. ಒಂದು ಶಾಟ್ ಕೈಬಿಡಬೇಕು ಅಥವಾ ಸೇರಿಸಬೇಕು.

ಡಿಸಾಲ್ವ್: ನಡುವಿನ ಮೂರನೇ ಚಿತ್ರ

ಫಿಲ್ಮಿನ ಕಾಲದಲ್ಲಿ ಎಡಿಟರ್ ತಾನೇ ಡಿಸಾಲ್ವ್ ಮಾಡಲು ಆಗುತ್ತಿರಲಿಲ್ಲ. ಫಿಲ್ಮಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು ಗುರುತು ಮಾಡಿ ಲ್ಯಾಬಿಗೆ ಕಳಿಸಬೇಕು. ಅಲ್ಲಿ ಎರಡೂ ಚಿತ್ರವನ್ನು ಒಂದೇ ಫಿಲ್ಮಿನ ಮೇಲೆ ಮತ್ತೆ ಅಚ್ಚು ಹಾಕಬೇಕು. ದುಡ್ಡೂ ಹೋಗುತ್ತಿತ್ತು, ದಿನವೂ ಹೋಗುತ್ತಿತ್ತು. ಹಾಗಾಗಿ ಬೇಕೇ ಬೇಕು ಅನ್ನಿಸಿದಲ್ಲಿ ಮಾತ್ರ ಹಾಕುತ್ತಿದ್ದರು. ಈಗ ಬೆರಳು ಎಳೆದರೆ ಆಯಿತು. ನಿಮಗೂ ಡಿಸಾಲ್ವ್‌ಗೆ ದುಡ್ಡು ಕೊಡಬೇಕು ಅಂತಲೇ ಅಂದುಕೊಳ್ಳಿ. ಇಡೀ ಕಿರುಚಿತ್ರಕ್ಕೆ ಎರಡು ಮಾತ್ರ ಸಿಗುತ್ತದೆ ಅಂದರೆ ಎಲ್ಲಿ ಹಾಕುತ್ತೀರಿ?

ಉದ್ದ ಇಲ್ಲಿ ಅರ್ಥವನ್ನೇ ಬದಲಿಸುತ್ತದೆ. ಅರ್ಧ ಸೆಕೆಂಡಿನದು ಕಣ್ಣು ಮಿಟುಕಿಸಿದ ಹಾಗೆ, ಸ್ವಲ್ಪ ಹೊತ್ತು ಸರಿಯಿತು ಅಷ್ಟೇ. 1 ಸೆಕೆಂಡಿನದು ಬೆಳಗ್ಗೆಯಿಂದ ಸಂಜೆಗೆ ಕರೆದುಕೊಂಡು ಹೋಗುತ್ತದೆ. 2-3 ಸೆಕೆಂಡಿನದು ನೆನಪು, ಹಂಬಲ, ವಯಸ್ಸು. ಅಳತೆ ಕಲ್ಲಿನ ಮೇಲೆ ಕೆತ್ತಿದ್ದೇನಲ್ಲ, ನಿಮ್ಮ ಚಿತ್ರದ ನಡಿಗೆ ಹೇಗಿದೆ ಅನ್ನುವುದನ್ನು ನೋಡಿಕೊಂಡು ಹೆಚ್ಚು ಕಡಿಮೆ ಮಾಡಿ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಡಿಸಾಲ್ವ್‌ನ ಸರಿಯಾದ ನಡುವಲ್ಲಿ ಟೈಮ್‌ಲೈನ್ (ಆ್ಯಪಲ್ಲಿ ಕ್ಲಿಪ್ಪುಗಳನ್ನು ಸಾಲಾಗಿ ಇಡುವ ಪಟ್ಟಿ) ನಿಲ್ಲಿಸಿ ನೋಡಿ. ಅಲ್ಲಿ ನೀವು ಶೂಟ್ ಮಾಡದ ಮೂರನೇ ಚಿತ್ರವೊಂದು ಇರುತ್ತದೆ. ಸುರಂಗದ ಕಪ್ಪು ಬಾಯಿ ಅಜ್ಜಿಯ ಎದೆಯ ಮೇಲೆ ಬಂದು ಕೂತರೆ ಅದು ಒಂದು ಮಾತು ಹೇಳುತ್ತದೆ. ಅದೇ ಬಾಯಿ ಅಜ್ಜಿಯ ಕಿವಿಯ ಪಕ್ಕ ಎಲ್ಲೋ ಕೂತರೆ ಸುಮ್ನೆ ಮಬ್ಬು. ಒಂದು ಶಾಟನ್ನು ಸ್ವಲ್ಪ ದೊಡ್ಡದು ಮಾಡಿ, ಪಕ್ಕಕ್ಕೆ ಸರಿಸಿ, ಎರಡೂ ಸರಿಯಾಗಿ ಕೂರುವಂತೆ ಮಾಡಿ. ಶೂಟ್ ಮಾಡುವಾಗಲೇ ಇದನ್ನು ಯೋಚಿಸಿದ್ದರೆ ಇನ್ನೂ ಒಳ್ಳೆಯದು.

ಕಪ್ಪು

ಪೂರ್ತಿ ಕಪ್ಪಿಗೆ ಹೋಗುವುದೆಂದರೆ ಚೆಂಡೆಯ ಮುಕ್ತಾಯದ ಹಾಗೆ. ಒಂದು ಭಾಗ ಮುಗಿಯಿತು, ಉಸಿರು ತೆಗೆದುಕೊಳ್ಳಿ. ಹತ್ತು ನಿಮಿಷದ ಚಿತ್ರದಲ್ಲಿ ಎಂಟು ಸಲ ಮುಕ್ತಾಯ ಹಾಕಿದರೆ ಆಟ ಮುಂದೆ ಹೋಗುವುದಿಲ್ಲ.

ಕಪ್ಪಿನ ಮೇಲೆ ಸದ್ದು ಇದೆಯಾ ಇಲ್ಲವಾ ಅನ್ನುವುದು ಮುಖ್ಯ. ನಮ್ಮ ಮೂರನೇ ಕಥೆಯಲ್ಲಿ, ಚಿತ್ರ ಕಪ್ಪಾದ ಮೇಲೂ ಪಿಕ್ಕಾಸಿನ ಸದ್ದು ಎರಡು ಸಲ ಕೇಳಿ ಆಮೇಲೆ ನಿಂತರೆ ನೋಡುವವರ ಎದೆ ಹಿಡಿದುಕೊಳ್ಳುತ್ತದೆ. ನಿಧಾನಕ್ಕೆ ಕಪ್ಪಾಗದೆ ಫಕ್ಕನೆ ಕಪ್ಪಾದರೆ ಅದು ಅಪಘಾತ. ಬಿಳಿಗೆ ಹೋದರೆ ಜನ ಅದನ್ನು ಕನಸು, ನೆನಪು ಅಥವಾ ಸಾವು ಅಂತ ಓದಿಕೊಳ್ಳುತ್ತಾರೆ. ಮದುವೆ ವಿಡಿಯೋದಲ್ಲಿ ಧಾರೆಯ ನಡುವೆ ಬಿಳಿ ಫ್ಲ್ಯಾಶ್ ಹಾಕುವಾಗ ಇದು ನೆನಪಿರಲಿ.

ಹೋಲಿಸುವ ಕಟ್

ನಿರ್ದೇಶಕ ಕುಬ್ರಿಕ್ 1968ರಲ್ಲಿ '2001: ಎ ಸ್ಪೇಸ್ ಒಡಿಸ್ಸಿ'ಯಲ್ಲಿ ಆದಿಮಾನವ ಎಸೆದ ಎಲುಬಿನಿಂದ ಆಕಾಶದಲ್ಲಿ ತೇಲುವ ನೌಕೆಗೆ ಕಟ್ ಮಾಡಿದರು. ಲಕ್ಷಾಂತರ ವರ್ಷ ಒಂದೇ ಕಟ್‌ನಲ್ಲಿ ಹೋಯಿತು. ಎರಡರ ಆಕಾರವೂ ಪರದೆಯಲ್ಲಿ ಅವು ಇರುವ ಜಾಗವೂ ಹತ್ತಿರ ಹತ್ತಿರ ಒಂದೇ. ಇದನ್ನು ಮ್ಯಾಚ್ ಕಟ್ ಅನ್ನುತ್ತಾರೆ.

ನಮ್ಮ ಊರಿನದ್ದೇ ಒಂದು ಹೇಳುತ್ತೇನೆ. ಪಿಕ್ಕಾಸು ಕೆಂಪುಕಲ್ಲಿಗೆ ಬೀಳುತ್ತದೆ. ಅದು ತಾಗುವ ಫ್ರೇಮಿನಲ್ಲೇ ಕಟ್ ಮಾಡಿ ಬೋರ್‌ವೆಲ್ ಕೊರೆಯುವ ಯಂತ್ರಕ್ಕೆ ಹೋಗಿ. ಧೂಳು ಏಳುವ ಜಾಗ ಎರಡೂ ಶಾಟ್‌ನಲ್ಲಿ ಪರದೆಯ ಒಂದೇ ಕಡೆ ಇರಲಿ. ಗುಡ್ಡಕ್ಕೆ ಅಡ್ಡಲಾಗಿ ಕೈಯಲ್ಲಿ ಕೊರೆದ ತಲೆಮಾರು, ಯಂತ್ರದಲ್ಲಿ ಕೆಳಕ್ಕೆ ಕೊರೆಯುವ ತಲೆಮಾರು ಎರಡೂ ಬಂದುಬಿಟ್ಟವು. ಹಿನ್ನೆಲೆಯಲ್ಲಿ ಒಬ್ಬರು ಕೂತು "ಅಂದಿನ ಕಾಲದಲ್ಲಿ..." ಅಂತ ಮಾತಾಡಬೇಕಾಗಿಲ್ಲ.

ಆದರೆ ಹೋಲಿಕೆ ಎಂದರೆ ಒಂದು ವಾದ. ಹನಿ ನೀರಿನಿಂದ ಆಸ್ಪತ್ರೆಯ ಗ್ಲುಕೋಸ್ ಹನಿಗೆ ಕಟ್ ಮಾಡಿದರೆ ನೋಡಲು ಚೆಂದವೇ. ಈ ನೀರು ಆ ಕಾಯಿಲೆಗೆ ಕಾರಣ ಅಂತ ಯಾರಾದರೂ ಓದಿಕೊಂಡರೆ? ಅದು ನಿಜವಲ್ಲದಿದ್ದರೆ ಆ ಕಟ್ ಬೇಡ. ಆಕಾರ ಕೂಡಿಬಂತು ಅನ್ನುವುದೊಂದೇ ಸಾಕಾಗುವುದಿಲ್ಲ.

ಜಂಪ್ ಕಟ್, ಮತ್ತು ಮಾತನಾಡುವ ಮನುಷ್ಯ

ಒಂದೇ ಶಾಟ್‌ನ ನಡುವಿನ ಸ್ವಲ್ಪ ಭಾಗ ತೆಗೆದು ಮತ್ತೆ ಸೇರಿಸಿದರೆ ಮನುಷ್ಯ ಇದ್ದಲ್ಲೇ ಹಾರಿದ ಹಾಗೆ ಕಾಣುತ್ತದೆ. ಮೊದಲು ಇದನ್ನು ತಪ್ಪು ಅನ್ನುತ್ತಿದ್ದರು. ಕ್ಯಾಮೆರಾವನ್ನು ಸ್ವಲ್ಪವೇ, 30 ಡಿಗ್ರಿಗಿಂತ ಕಡಿಮೆ ಸರಿಸಿ ಕಟ್ ಮಾಡಿದರೂ ಇದೇ ಆಗುತ್ತದೆ. ಹಾಗಾಗಿ ಅದಕ್ಕಿಂತ ಜಾಸ್ತಿ ಸರಿಯಬೇಕು ಎಂಬ ನಿಯಮ ಬಂತು. 1960ರಲ್ಲಿ ಫ್ರಾನ್ಸಿನ ನಿರ್ದೇಶಕ ಗೊದಾರ್ ತನ್ನ ಮೊದಲ ದೊಡ್ಡ ಚಿತ್ರದಲ್ಲಿ ಬೇಕೆಂದೇ ಹೀಗೆ ಕಟ್ ಮಾಡಿದ ಮೇಲೆ ಅದಕ್ಕೂ ಒಂದು ಅರ್ಥ ಬಂತು. ಚಡಪಡಿಕೆ, ಅವಸರ, ಸುಮ್ಮನೆ ಕೂರಲಾಗದ ಮನಸ್ಸು. ಈಗ ಯೂಟ್ಯೂಬ್‌ನಲ್ಲಿ ಎಲ್ಲರೂ ಹಾಗೇ ಮಾತಾಡುತ್ತಾರೆ, ಯಾರಿಗೂ ಅದು ವಿಚಿತ್ರ ಅನ್ನಿಸುವುದಿಲ್ಲ.

ಕಥೆಯ ಚಿತ್ರಕ್ಕೆ ಇದು ಸಣ್ಣ ವಿಷಯ. ನಿಜವಾದ ಒಬ್ಬರ ಸಂದರ್ಶನ ಎಡಿಟ್ ಮಾಡುವಾಗ ದೊಡ್ಡ ವಿಷಯ.

ನಮ್ಮಲ್ಲಿ ಯಾರೂ ಒಂದೇ ಭಾಷೆಯಲ್ಲಿ ಹತ್ತು ನಿಮಿಷ ಮಾತಾಡುವುದಿಲ್ಲ, ಅಲ್ವಾ? ನಾನು ಒಮ್ಮೆ ಒಬ್ಬ ಹಿರಿಯರ ಮಾತನ್ನು ಚಿತ್ರೀಕರಿಸಿದ್ದೆ. ಅವರು ಕ್ಯಾಮೆರಾ ಕಂಡ ಕೂಡಲೇ ಕನ್ನಡದಲ್ಲಿ ಶುರು ಮಾಡಿದರು. ತಾಯಿಯ ವಿಷಯ ಬಂದಾಗ ತುಳುವಿಗೆ ಹೋದರು. ಜಾಗದ ರಿಕಾರ್ಡಿಗಾಗಿ ಕಚೇರಿಗೆ ಅಲೆದ ಕಥೆ ಹೇಳುವಾಗ ಮಲಯಾಳ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕಚೇರಿಯ ಮಾತು ಅವರಿಗೆ ಕಿವಿಗೆ ಬಿದ್ದದ್ದೇ ಆ ಭಾಷೆಯಲ್ಲಿ. ಅದನ್ನು ಕನ್ನಡದಲ್ಲಿ ಹೇಳಲು ಅವರಿಗೆ ಬಾಯಿಯೇ ಬರಲಿಲ್ಲ. ನಾನು ಮೊದಲ ಎಡಿಟ್‌ನಲ್ಲಿ ತುಳು, ಮಲಯಾಳ ಎರಡನ್ನೂ ತೆಗೆದೆ. ಕಟ್ ಕಾಣದ ಹಾಗೆ ಮೇಲೆ ಅಡಿಕೆ ತೋಟದ ಶಾಟ್ ಮುಚ್ಚಿದೆ. ಚಿತ್ರ ತುಂಬಾ ನೀಟಾಗಿ ಬಂತು. ಆದರೆ ಅದರಲ್ಲಿ ಕೂತವರು ಆ ಹಿರಿಯರಾಗಿರಲಿಲ್ಲ. ಅಷ್ಟು ಶುದ್ಧ ಕನ್ನಡದ ಮನುಷ್ಯ ನಮ್ಮ ಊರಲ್ಲೇ ಇಲ್ಲ. ಮೂರೂ ಭಾಷೆ ವಾಪಸು ತಂದು, ಕೆಳಗೆ ಕನ್ನಡದಲ್ಲಿ ಬರಹ ಹಾಕಿದೆ.

ಆಗಿನಿಂದ ನಾನು ಪಾಲಿಸುವ ಕ್ರಮ ಹೀಗಿದೆ. ಒಬ್ಬರ ಮಾತನ್ನು ನಡುವೆ ಕತ್ತರಿಸಿದರೆ ಜಂಪ್ ಕಟ್ಟನ್ನು ಕಾಣುವ ಹಾಗೆಯೇ ಬಿಡುತ್ತೇನೆ. ಇಲ್ಲಿ ಏನೋ ತೆಗೆದಿದೆ ಅಂತ ನೋಡುವವರಿಗೆ ಗೊತ್ತಾಗಲಿ. ಮೇಲೆ ಬೇರೆ ಶಾಟ್ ಮುಚ್ಚುವುದಾದರೆ, ಕತ್ತರಿಸಿದ ಮಾತನ್ನು ಅವರಿಗೇ ಕೇಳಿಸಿ "ನೀವು ಹೇಳಿದ್ದು ಇದೇ ಅಲ್ವಾ?" ಅಂತ ಕೇಳಿಕೊಳ್ಳುತ್ತೇನೆ.

ಸದ್ದು ಮೊದಲು ಬರಲಿ

ಆಟಕ್ಕೆ ಹೋಗುವ ದಾರಿ ನೆನಪು ಮಾಡಿಕೊಳ್ಳಿ. ಗದ್ದೆಯಾಚೆ, ಗುಡ್ಡದ ಆ ಬದಿಯಿಂದ ಚೆಂಡೆ ಕೇಳುತ್ತದೆ. ಏನೂ ಕಾಣುವುದಿಲ್ಲ. ಟಾರ್ಚಿನ ಬೆಳಕಲ್ಲಿ ಗದ್ದೆಯ ಕಟ್ಟಹುಣಿಯ (ಬದುವಿನ) ಮೇಲೆ ನಡೆಯುತ್ತಾ ಇರುತ್ತೀರಿ, ಮನಸ್ಸು ಮಾತ್ರ ಆಗಲೇ ವೇಷ ಕಟ್ಟುವ ಚೌಕಿಗೆ ಹೋಗಿ ಮುಟ್ಟಿದೆ. ಎಡಿಟಿಂಗ್‌ನಲ್ಲಿ ಇದನ್ನು ಜೆ ಕಟ್ ಅನ್ನುತ್ತಾರೆ. ಮುಂದಿನ ಶಾಟ್‌ನ ಸದ್ದು ಚಿತ್ರಕ್ಕಿಂತ ಮೊದಲೇ ಬರುತ್ತದೆ. ಟೈಮ್‌ಲೈನ್‌ನಲ್ಲಿ ಅದರ ಆಕಾರ ಇಂಗ್ಲಿಷಿನ ಜೆ ಅಕ್ಷರದ ಹಾಗಿರುತ್ತದೆ. ಸದ್ದು ಚಿತ್ರದ ಹಿಂದೆ ಉಳಿದುಕೊಂಡರೆ ಎಲ್ ಕಟ್.

ಮಾಡುವುದು ಸುಲಭ. ಕ್ಲಿಪ್‌ನಿಂದ ಸದ್ದನ್ನು ಬೇರೆ ಮಾಡುವ ಆಯ್ಕೆ ಹೆಚ್ಚಿನ ಆ್ಯಪ್‌ಗಳಲ್ಲಿದೆ. ಬೇರೆ ಮಾಡಿ, ಆ ಸದ್ದಿನ ಶುರುವಿನ ತುದಿಯನ್ನು 1 ಸೆಕೆಂಡು ಮುಂಚೆಗೆ ಎಳೆಯಿರಿ. ಅಜ್ಜಿ ಅಂಗಳದಲ್ಲಿ ನಿಂತಿದ್ದಾರೆ. ಅವರ ಮುಖದ ಮೇಲೆ ಟಾಂಕಿಗೆ ನೀರು ಬೀಳುವ ಸದ್ದು ಶುರುವಾಗುತ್ತದೆ. ಒಂದು ಕ್ಷಣ ಬಿಟ್ಟು ನೀರು ಕಾಣುತ್ತದೆ. ಆ ಒಂದು ಕ್ಷಣ ನೀರು ಸಿಕ್ಕಿತು ಅನ್ನುವ ಸುದ್ದಿ ಅಜ್ಜಿಗೆ ತಲುಪಿದ ಹಾಗಿರುತ್ತದೆ. ಕಟ್, ಡಿಸಾಲ್ವ್, ವೈಪ್ (ಒಂದು ಚಿತ್ರ ಇನ್ನೊಂದನ್ನು ಒರೆಸಿದ ಹಾಗೆ ಬರುವುದು) ಎಲ್ಲದಕ್ಕಿಂತ ಹೆಚ್ಚು ಸಮಯ ನಾನು ಇದಕ್ಕೇ ಕೊಡುತ್ತೇನೆ. ಹೊಸಬರ ಚಿತ್ರ ತುಂಡು ತುಂಡಾಗಿ ಕಾಣುವುದಕ್ಕೆ ಹೆಚ್ಚಾಗಿ ಕಾರಣ ಚಿತ್ರವೂ ಸದ್ದೂ ಒಂದೇ ಫ್ರೇಮಿನಲ್ಲಿ ಕಟ್ ಆಗಿರುವುದು. ಎರಡನ್ನೂ 10 ಫ್ರೇಮ್ ಆಚೀಚೆ ಮಾಡಿ ನೋಡಿ, ಎಷ್ಟೋ ಡಿಸಾಲ್ವ್‌ಗಳು ಬೇಡವಾಗುತ್ತವೆ.

ತಿರುಗುವ, ಒಡೆಯುವ, ಜಾರುವ ರೆಡಿಮೇಡ್ ಟ್ರಾನ್ಸಿಷನ್‌ಗಳ ವಿಷಯ ಹೆಚ್ಚು ಹೇಳುವುದಿಲ್ಲ. ಅವು ನೋಡುವವರ ಕಣ್ಣನ್ನು ಅಜ್ಜನಿಂದ ತೆಗೆದು ಆ್ಯಪ್‌ನ ಕಡೆ ತಿರುಗಿಸುತ್ತವೆ. ವೈಪ್ ಬೇಕೇ ಬೇಕು ಅಂದರೆ ರಸ್ತೆ ಬದಿಯಲ್ಲಿ ಕ್ಯಾಮೆರಾ ಇಟ್ಟು ಬಸ್ಸು ಅಡ್ಡ ಹಾದು ಹೋಗುವವರೆಗೆ ಕಾಯಿರಿ. ಬಸ್ಸು ಪರದೆ ತುಂಬಿದ ಫ್ರೇಮಿನಲ್ಲಿ ಕಟ್ ಮಾಡಿ. ಊರೇ ಕೊಟ್ಟ ವೈಪ್ ಅದು.

ಎಫೆಕ್ಟ್: ರಾಳದ ಹುಡಿಯ ಲೆಕ್ಕ

ಆಟದಲ್ಲಿ ಬಣ್ಣದ ವೇಷ (ರಾಕ್ಷಸ ಪಾತ್ರ) ಬರುವಾಗ ತೆರೆ ಹಿಡಿಯುತ್ತಾರೆ. ಮೊದಲು ಕಿರೀಟದ ಮೇಲ್ತುದಿ ಮಾತ್ರ ಕಾಣುತ್ತದೆ. ಅಬ್ಬರ ಏರುತ್ತದೆ. ದೀವಟಿಗೆಗೆ ರಾಳದ ಹುಡಿ ಎರಚಿದಾಗ ಬೆಂಕಿ ಭುಗ್ಗೆಂದು ಏಳುತ್ತದೆ. ಅದು ಎಫೆಕ್ಟ್. ಸ್ತ್ರೀವೇಷ ಬಂದು ಮೆಲ್ಲಗೆ ಮಾತಾಡುವಾಗ ಯಾರೂ ರಾಳ ಎರಚುವುದಿಲ್ಲ. ನಿಮ್ಮ ಚಿತ್ರದ ಬಣ್ಣದ ವೇಷ ಯಾವುದು ಅಂತ ತೀರ್ಮಾನ ಮಾಡಿ, ಎಫೆಕ್ಟನ್ನು ಅಲ್ಲಿಗೆ ಇಟ್ಟುಕೊಳ್ಳಿ.

ಸ್ಲೋ ಮೋಷನ್ ಬೇಕಿದ್ದರೆ ಶೂಟ್ ಮಾಡುವಾಗಲೇ ಸೆಕೆಂಡಿಗೆ 60 ಫ್ರೇಮ್ ಇಡಿ. ಅದನ್ನು 30ರ ಟೈಮ್‌ಲೈನ್‌ಗೆ ಹಾಕಿ ವೇಗವನ್ನು ಅರ್ಧ ಮಾಡಿದರೆ ನುಣುಪಾಗಿ ನಿಧಾನವಾಗುತ್ತದೆ. 30ರಲ್ಲಿ ತೆಗೆದದ್ದನ್ನೇ ನಿಧಾನ ಮಾಡಿದರೆ ಪ್ರತಿ ಫ್ರೇಮೂ ಎರಡೆರಡು ಸಲ ಬಂದು ತಡವರಿಸುತ್ತದೆ. ನಿಧಾನ ಮಾಡುವುದೆಂದರೆ "ಇದನ್ನು ಸರಿಯಾಗಿ ನೋಡು" ಅಂತ ಹೇಳುವುದು. ಕಪ್ಪು ಬಿಳುಪು ಅಂದರೆ "ಇದು ಆಗಿ ಹೋದದ್ದು." ಚಿತ್ರವನ್ನು ನಿಲ್ಲಿಸಿಬಿಟ್ಟರೆ "ಇನ್ನು ಮುಂದೆ ಏನೆಂದು ಗೊತ್ತಿಲ್ಲ" ಅಥವಾ "ಇದು ಹೀಗೇ ನೆನಪಿರಲಿ." ಇವು ಬಣ್ಣ ಬಳಿಯುವ ಕೆಲಸವಲ್ಲ, ನೋಡುವವರಿಗೆ ಹೇಳುವ ಮಾತು. ನಾನು ಇದನ್ನು ಕಲಿತದ್ದು ಒಂದು ತಪ್ಪಿನಿಂದ.

ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ನಮ್ಮ ಊರುಗಳ ಕಥೆ ನಿಮಗೆ ಗೊತ್ತು. ಅಂಥ ಒಂದು ಮನೆಯ ಬಗ್ಗೆ ಪುಟ್ಟ ಚಿತ್ರ ಎಡಿಟ್ ಮಾಡಿದ್ದೆ. ನಡೆಯಲಾಗದ ಒಬ್ಬ ಹುಡುಗಿ, ಅವಳ ತಾಯಿ. ಜನರಿಗೆ ಮುಟ್ಟಬೇಕು ಅಂತ ಹುಡುಗಿಯ ಎಲ್ಲ ಶಾಟನ್ನೂ ಸ್ಲೋ ಮಾಡಿದೆ. ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿದೆ. ಅಂಚು ಕಪ್ಪಾಗುವ ಎಫೆಕ್ಟ್ ಹಾಕಿದೆ, ಕೆಳಗೆ ಕೊಳಲು. ಮೊದಲು ಆ ತಾಯಿಗೇ ತೋರಿಸಿದೆ. ಅವರು ಪೂರ್ತಿ ನೋಡಿ, ಫೋನು ನನ್ನ ಕೈಗೆ ಕೊಟ್ಟು, "ಮಗಾ, ಇವಳು ನಗಾಡಿದ್ದನ್ನು ನೀನೇ ತೆಗ್ದಿದ್ದೆಯಲ್ಲ. ಅದು ಎಲ್ಲಿ ಹೋಯ್ತು?" ಅಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಇವಳಿಗೆ ಹಸುರು ಅಂಗಿ ಅಂದ್ರೆ ಇಷ್ಟ. ನೀನು ಬರ್ತೀ ಅಂತ ಅದನ್ನೇ ಹಾಕಿಸಿದ್ದೆ" ಅಂದರು.

ನನಗೆ ಮಾತು ಬರಲಿಲ್ಲ. ಕಪ್ಪು ಬಿಳುಪು ಮಾಡುವಾಗ ಹೋದದ್ದು ಆ ಹಸುರು. ಬದುಕಿರುವ ಹುಡುಗಿಯನ್ನು ಆಗಿ ಹೋದವಳಂತೆ ತೋರಿಸಿದ್ದೆ. ಮನೆಗೆ ಬಂದು ಎಲ್ಲ ಎಫೆಕ್ಟ್ ತೆಗೆದೆ. ಅವಳ ನಗುವನ್ನು ಅದರ ವೇಗದಲ್ಲೇ, ಅದರ ಸದ್ದಿನಲ್ಲೇ ಇಟ್ಟೆ. ಅದಾದ ಮೇಲೆ ನೇರ ಕಟ್, ತಾಯಿ ಅವಳನ್ನು ಎತ್ತಿ ಹಾಸಿಗೆಗೆ ತರುವ ಶಾಟ್, ಪೂರ್ತಿ 40 ಸೆಕೆಂಡು, ಒಂದು ಕಟ್ಟೂ ಇಲ್ಲದೆ. ಎತ್ತುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟೂ ಹೊತ್ತು. ನೋಡಿದವರು ಆ ಶಾಟ್‌ನ ಬಗ್ಗೆಯೇ ಮಾತಾಡಿದರು.

ನಿಜವಾದ ಮನುಷ್ಯರ ಮೇಲೆ ಎಫೆಕ್ಟ್ ಹಾಕುವ ಮೊದಲು ಅವರನ್ನೇ ಕೂರಿಸಿ ತೋರಿಸಿ. ದಯವಿಟ್ಟು ತೋರಿಸಿ.

ತೋರಿಸಿ ನೋಡುವುದು

ಎಡಿಟ್ ಮುಗಿದ ಮೇಲೆ ಒಂದು ಸಲ ಸದ್ದಿಲ್ಲದೆ ನೋಡಿ. ಕಥೆ ಗೊತ್ತಾಗಬೇಕು. ಇನ್ನೊಂದು ಸಲ ಫೋನು ಕವುಚಿ ಹಾಕಿ ಸದ್ದು ಮಾತ್ರ ಕೇಳಿ. ಎಲ್ಲಿ ಸದ್ದು ಫಕ್ಕನೆ ತುಂಡಾಗುತ್ತದೋ ಅಲ್ಲಿ ಗುರುತು ಹಾಕಿಕೊಳ್ಳಿ.

ಆಮೇಲೆ ಕಥೆ ಗೊತ್ತಿಲ್ಲದ ಇಬ್ಬರು ಮೂವರಿಗೆ ಬೇರೆ ಬೇರೆಯಾಗಿ ತೋರಿಸಿ. "ಹೇಗಿದೆ?" ಅಂತ ಕೇಳಬೇಡಿ, ಎಲ್ಲರೂ ಲಾಯ್ಕಿದೆ ಅನ್ನುತ್ತಾರೆ. "ಅಜ್ಜ ಏನಾದ್ರು? ಎಷ್ಟು ವರ್ಷ ಕಳೀತು?" ಅಂತ ಕೇಳಿ. ನೀವು ಕಾಗದದಲ್ಲಿ ಬರೆದ ಉತ್ತರವೂ ಅವರ ಉತ್ತರವೂ ಬೇರೆಯಾದರೆ, ಆ ಜೋಡಣೆಗೆ ವಾಪಸು ಹೋಗಿ.

ಸುರಂಗದ ಚಿತ್ರ ಮುಗಿಸಿದಾಗ ನಾನು ಅದನ್ನು ಹಿಂದೆ ಸುರಂಗ ಕೊರೆಯುತ್ತಿದ್ದ ಒಬ್ಬ ಅಜ್ಜನಿಗೆ ತೋರಿಸಿದೆ. ಡಿಸಾಲ್ವ್ ಬಂದಾಗ ಅವರು ಏನೂ ಹೇಳಲಿಲ್ಲ. ಕಪ್ಪಾದಾಗಲೂ ಹೇಳಲಿಲ್ಲ. ಹನಿ ನೀರಿನ ಶಾಟ್ ಬಂದಾಗ ಮಾತ್ರ ಕೈ ಎತ್ತಿ ನಿಲ್ಲಿಸಲು ಹೇಳಿದರು. "ಇದು ಸುರಂಗದ ನೀರಿನ ಸದ್ದಲ್ಲ. ಇದು ಟಾಂಕಿಯದ್ದು. ಒಳಗಿನ ಸದ್ದು ಹೀಗೆ ಬಿಚ್ಚಿಕೊಳ್ಳುವುದಿಲ್ಲ, ಕಿವಿಯ ಹತ್ತಿರವೇ ಬೀಳ್ತದೆ." ಅವರು ಹೇಳಿದ್ದು ಸರಿ. ಹನಿಯ ಸದ್ದು ಸರಿಯಾಗಿ ಬಂದಿಲ್ಲ ಅಂತ ನಾನು ಟಾಂಕಿಯ ಸದ್ದನ್ನೇ ಅಲ್ಲಿ ಹಾಕಿದ್ದೆ. ಮರುದಿನ ಬೆಳಗ್ಗೆ, ಹಕ್ಕಿಗಳ ಗಲಾಟೆ ಶುರುವಾಗುವ ಮೊದಲೇ ಹೋಗಿ ಸುರಂಗದ ಬಾಯಲ್ಲಿ ಕೂತೆ. ಫೋನನ್ನು ಒಂದು ಉದ್ದ ಕೋಲಿಗೆ ಕಟ್ಟಿ ಒಳಕ್ಕೆ ಚಾಚಿ 2 ನಿಮಿಷ ರೆಕಾರ್ಡ್ ಮಾಡಿಕೊಂಡು ಬಂದೆ. ನೀವು ಶೂಟ್‌ಗೆ ಹೋದ ದಿನವೇ ಇದನ್ನೂ ಮಾಡಿಕೊಂಡು ಬನ್ನಿ, ಎರಡು ಸಲ ಗುಡ್ಡ ಹತ್ತುವುದು ತಪ್ಪುತ್ತದೆ.